ಇಲ್ಲ ಎಂದು ಬರೆಸಿದ ಧನುರ್ಮಾಸ

ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ನಮ್ಮ ಅಕ್ಕನ ಮಗಳ ಗೃಹಪ್ರವೇಶವಿತ್ತು. ಹೊಸಹೊಳಲು ರಸ್ತೆಯಲ್ಲಿ ಪುಟ್ಟ ಮನೆ, ಎರಡು ಕೋಣೆ, ಅಡುಗೆಮನೆಗೆ ಪೂರ್ವದ ಕಿಟಕಿ. ಹೊಸಿಲು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಬಂದವರೆಲ್ಲ ಗೋಡೆ ಸವರಿ ನೋಡಿ ಎಷ್ಟು ಚೆನ್ನಾಗಿದೆ ಅನ್ನುತ್ತಿದ್ದರು. ನಾನು ಸೆರಗು ಮೂಗಿಗೆ ಹಿಡಿದು, ಸತ್ಯನಾರಾಯಣ ಕಥೆಯ ಎರಡನೇ ಅಧ್ಯಾಯಕ್ಕೇ ಎದ್ದು ಹಿತ್ತಿಲಲ್ಲಿ ಹೋಗಿ ಕೂತೆ. ಅಕ್ಕ ಹಿಂದೆಯೇ ಬಂದಳು. ಖಾಲಿ ಹೊಟ್ಟೆ, ಪಿತ್ತವಿರಬೇಕು ಅಂದಳು. ಇರಬೇಕು ಅಂದೆ. ಅದು ಪಿತ್ತವಲ್ಲ. ಆ ವಾಸನೆ ಬಂದರೆ ಒಂದು ಧನುರ್ಮಾಸ ಇಡಿಯಾಗಿ ಬಂದು ನನ್ನ ಎದೆಯ ಮೇಲೆ ಕೂರುತ್ತದೆ.

ನಾವಿರುವುದು ಶ್ರೀರಂಗಪಟ್ಟಣದ ಕೋಟೆಯೊಳಗೆ, ಹೊಳೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ. ನಮ್ಮ ಯಜಮಾನರು ಬಾಬುರಾಯನಕೊಪ್ಪಲಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಮಗಳ ಮದುವೆ ಅಷ್ಟರಲ್ಲಿ ಆಗಿಹೋಗಿತ್ತು. ಮನೆಯಲ್ಲಿ ಉಳಿದವರು ನಾವಿಬ್ಬರು, ಮತ್ತೆ ನನ್ನ ಮೈದುನ ಮುಕುಂದ. ನಾನು ಮದುವೆಯಾಗಿ ಬಂದಾಗ ಅವನು ಹತ್ತು ವರ್ಷದ ಹುಡುಗ, ನನ್ನ ಕೈತುತ್ತು ತಿಂದು ಬೆಳೆದವನು. ಕಾಲೇಜಿನ ಎರಡನೇ ವರ್ಷದಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟ. ಮೂರು ದಿನ, ನಾಲ್ಕು ದಿನ ಕಣ್ಣು ಮುಚ್ಚದೆ ಮಾತಾಡಿದ, ಹಾಡಿದ, ಹೊಳೆಯ ಆಚೆ ದಡದಲ್ಲಿ ತನಗಾಗಿ ಯಾರೋ ಕಾಯುತ್ತಿದ್ದಾರೆ ಅಂದ. ಮೈಸೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಇಟ್ಟೆವು. ಯಜಮಾನರು ಅಷ್ಟೂ ದಿನ ರಜೆ ಹಾಕಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದರು. ದೇವರ ದಯೆ, ಅವನಿಗೆ ಹಿಡಿಸುವ ಮಾತ್ರೆ ಸಿಕ್ಕಿತು. ಅದನ್ನು ದಿನ ತಪ್ಪದೆ ತಗೊಂಡರೆ ಅವನಷ್ಟು ಸಮಾಧಾನದ ಮನುಷ್ಯ ಬೀದಿಯಲ್ಲೇ ಇಲ್ಲ.

ಕಾಯಿಲೆಯ ಹೆಸರನ್ನು ಮಾತ್ರ ನಾವು ಯಾವತ್ತೂ ಬಾಯಲ್ಲಿ ಹೇಳಿದವರಲ್ಲ. ಯಾರಾದರೂ ಕೇಳಿದರೆ ಅವನಿಗೆ ಸ್ವಲ್ಪ ಉಷ್ಣ ಅನ್ನುತ್ತಿದ್ದೆವು. ಮಾತ್ರೆಯ ಡಬ್ಬಿ ಇಡುತ್ತಿದ್ದದ್ದು ದೇವರ ಮನೆಯ ಗೂಡಿನಲ್ಲಿ, ಕುಂಕುಮ ಗಂಧದ ಹಿಂದೆ; ಅಲ್ಲಿಗಾದರೆ ಬಂದವರು ಯಾರೂ ಕೈ ಹಾಕುವುದಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಅಂದಾಗ ಮುಕುಂದನನ್ನು ನಾಗಮಂಗಲಕ್ಕೆ ಅಕ್ಕನ ಮನೆಗೆ ಕಳಿಸಿದ್ದೆವು. ನಮ್ಮ ಕಡೆ ಹಾಗೆಯೇ. ಹೆಣ್ಣು ನೋಡಲು ಬರುವ ಹೊತ್ತಿಗೆ ಕುಂಟುವ ಅಜ್ಜಿ, ಗಂಡ ಬಿಟ್ಟ ಅತ್ತೆ, ಉಷ್ಣದ ಚಿಕ್ಕಪ್ಪ ಎಲ್ಲರಿಗೂ ಬೇರೆ ಊರಿನಲ್ಲಿ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತದೆ. ಅದು ಸುಳ್ಳು ಅಂತ ನಮಗೆ ಅನ್ನಿಸುವುದೂ ಇಲ್ಲ.

ಆ ವರ್ಷ ಧನುರ್ಮಾಸ ಶುರುವಾದ ವಾರದಲ್ಲೇ ಪಾಂಡವಪುರದಿಂದ ಪುಟ್ಟತಾಯಿ ಮೇಡಂ ಬಂದರು. ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಅಲ್ಲಿ ಒಂದು ಸಣ್ಣ ಸಂಘ ಕಟ್ಟಿಕೊಂಡು, ಬೂಕನಕೆರೆ ಕಡೆಯ ಹಳ್ಳಿಗಳಲ್ಲೆಲ್ಲ ಹೆಂಗಸರನ್ನು ಮಧ್ಯಾಹ್ನದ ಹೊತ್ತು ಒಂದೆಡೆ ಕೂರಿಸಿ, ಮನಸ್ಸಿನಲ್ಲಿರುವುದನ್ನು ಆಡಿಸುತ್ತಿದ್ದರು. ಅವರು ಹೇಳಿದ್ದು ಇಷ್ಟು. ಮನಸ್ಸಿನ ಆರೋಗ್ಯದ ಬಗ್ಗೆ ದೇಶದೇಶದವರು ಸೇರುವ ಸಮ್ಮೇಳನವೊಂದಿದೆ. ಪ್ರತಿ ಸಲವೂ ಬೇರೆ ಊರು. ಯಾವ ಊರು ಅಂತ ಆರಿಸುವುದಕ್ಕೆ ಒಂದು ಸಮಿತಿ ಇದೆ. ನಮ್ಮ ಕಡೆಯೇ ನಡೆಸಿ ಎಂದು ಮೇಡಂ ಅರ್ಜಿ ಹಾಕಿದ್ದರು. ಅದು ಕೊನೆಯ ಸುತ್ತಿಗೆ ಬಂದಿತ್ತು. ಸಭೆಗಳು ಮೈಸೂರಿನಲ್ಲಿ, ಆದರೆ ಬಂದವರು ಹೋಟೆಲಿನಲ್ಲಿ ಇಳಿಯುವುದಿಲ್ಲ, ಸಂಸಾರಸ್ಥರ ಮನೆಗಳಲ್ಲೇ ಇರಬೇಕು ಎಂಬುದು ಆ ಸಮ್ಮೇಳನದ ಪದ್ಧತಿಯಂತೆ. ಸಂಕ್ರಾಂತಿಗೆ ಮುಂಚೆ ಸಮಿತಿಯವರು ಬಂದು ಮನೆಗಳನ್ನೂ ನೋಡುತ್ತಾರೆ. ನಮ್ಮ ಬೀದಿಯಲ್ಲಿ, ಅದರ ಹಿಂದಿನ ಬೀದಿಯಲ್ಲಿ ಒಟ್ಟು ಹನ್ನೆರಡು ಮನೆಯವರು ಒಪ್ಪಿದೆವು. ಯಜಮಾನರಿಗಂತೂ ದೊಡ್ಡ ಹುರುಪು. ಅತಿಥಿ ಮನೆಗೆ ಬರುವುದೇ ಪುಣ್ಯ, ಅದರಲ್ಲೂ ಸಮುದ್ರ ದಾಟಿ ಬರುವವರು ಅಂತ ನನಗೂ ಅನ್ನಿಸಿತು.

ಮನೆಗೊಂದು ಫಾರಂ ಕೊಟ್ಟರು. ಇಂಗ್ಲಿಷಿನಲ್ಲಿದ್ದದ್ದನ್ನು ಮೇಡಂ ಅವರೇ ಕನ್ನಡ ಮಾಡಿಸಿದ್ದರು. ಮುಕುಂದನ ಅಕ್ಷರ ಮುತ್ತಿನ ಹಾಗೆ. ಬೀದಿಯ ಗುಡಿಯ ಬೋರ್ಡು, ಮದುವೆ ಕಾರ್ಡುಗಳ ಮೇಲಿನ ವಿಳಾಸ, ಎಲ್ಲ ಅವನದೇ ಕೈ. ಹಾಗಾಗಿ ಹನ್ನೆರಡು ಮನೆಯವರೂ ಫಾರಂ ಹಿಡಿದು ನಮ್ಮ ಜಗಲಿಗೇ ಬಂದರು. ಅವನು ಕೇಳುತ್ತ ಹೋದ, ಅವರು ಹೇಳುತ್ತ ಹೋದರು. ಎಷ್ಟು ಕೋಣೆ, ಬಿಸಿನೀರಿಗೆ ಏನು, ನಾಯಿ ಇದೆಯೇ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ. ಅದರ ಕೆಳಗೆ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಮನಸ್ಸಿನ ಕಾಯಿಲೆಯನ್ನು ಅನುಭವಿಸಿದವರು ಯಾರಾದರೂ ಇದ್ದಾರೆಯೇ?

ನಾಯಿ, ಸಿಗರೇಟು, ಆಮೇಲೆ ಇದು. ಓದಿದವರಿಗೆ ಏನನ್ನಿಸಬೇಕೋ ಅದೇ ಅನ್ನಿಸಿತು. ಎಲ್ಲರೂ ನಾಯಿಗೆ ಹೇಳಿದ ದನಿಯಲ್ಲೇ ಇದಕ್ಕೂ ಇಲ್ಲ ಅಂದರು. ಹಿಂದಿನ ಬೀದಿಯ ನಸೀಮಾ ಒಬ್ಬಳು ಮಾತ್ರ ಸ್ವಲ್ಪ ತಡೆದಳು. ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಮೂರನೇ ಹೆರಿಗೆಯಾದ ಮೇಲೆ ಆರು ತಿಂಗಳು ಮಗುವನ್ನು ಎತ್ತಿಕೊಳ್ಳದೆ ಗೋಡೆ ಕಡೆಗೆ ತಿರುಗಿ ಮಲಗಿದ್ದವಳು. "ಇದ್ದಾರೆ ಅಂತ ಬರಿ ಮುಕುಂದಣ್ಣ, ನಂದೇ ಹೆಸ್ರು. ರಂಜಾನು ಮುಂದೆ ಬರ್ತಾ ಐತೆ, ಝೂಟ್ ಯಾಕೆ ಬರ್ಸ್ಲಿ," ಅಂದಳು. ಜಗಲಿಯಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಇವಳ ಮನೆ ಕೈತಪ್ಪಿತು ಅಂತ ನಾನೂ ಅಂದುಕೊಂಡೆ.

ನಮ್ಮ ಮನೆಯ ಫಾರಂ ಕೊನೆಗೆ ಉಳಿಯಿತು. ಎಲ್ಲ ಎದ್ದು ಹೋಗಿದ್ದರು. ಯಜಮಾನರು ಪೇಪರ್ ಹಿಡಿದು ಕೂತಿದ್ದರು. ನಾನು ಹೆಸರುಬೇಳೆ ಹುರಿಯುತ್ತಿದ್ದೆ. ಮುಕುಂದ ಅಡುಗೆಮನೆ ಬಾಗಿಲಿಗೆ ಬಂದು, ಪೆನ್ನಿನ ತುದಿಯನ್ನು ಆ ಸಾಲಿನ ಮೇಲಿಟ್ಟು ಕೇಳಿದ.

"ಅತ್ತಿಗೆ, ಇದಕ್ಕೇನು ಬರೀಲಿ?"

"ಇಲ್ಲ ಅಂತ ಬರಿ," ಅಂದೆ.

ಅಂದವಳು ನಾನೇ. ಯಜಮಾನರಲ್ಲ, ಯಾರೂ ಅಲ್ಲ. ಬೇಳೆ ಸೀದುಹೋಗುತ್ತದೆ ಅಂತ ಸೌಟು ಆಡಿಸುತ್ತ, ಅವನ ಮುಖ ಸಹ ನೋಡದೆ ಅಂದೆ. ಅವನು ನಿಂತಲ್ಲೇ ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ಇಲ್ಲ ಅಂತ ಬರೆದ. ಅಕ್ಷರ ಎಂದಿನ ಹಾಗೆ ದುಂಡಗೇ ಇತ್ತು.

ಆಮೇಲೆ ಮನೆಗೆ ಬಣ್ಣ. ಯಜಮಾನರು ನಡುಮನೆಗೂ ಮುಂದಿನ ಕೋಣೆಗೂ ತಿಳಿ ಹಳದಿ ಬಳಿಸಿದರು. ಚಳಿಗಾಲ, ಹೊಳೆಯ ಮೇಲಿನ ಮಂಜು ಕೆಲವು ದಿನ ಹನ್ನೊಂದಾದರೂ ಕರಗದು. ಬಣ್ಣ ಒಣಗಲೇ ಇಲ್ಲ. ಹೊತ್ತಿಗೆ ಮುಂಚೆ ಎದ್ದು, ತಣ್ಣೀರು ಸುರಿದುಕೊಂಡು, ನಕ್ಷತ್ರ ಇರುವಾಗಲೇ ಹುಗ್ಗಿ ನೈವೇದ್ಯ ಮಾಡಬೇಕು. ಆ ಹಸಿ ವಾಸನೆಯಲ್ಲಿ ಹುಗ್ಗಿಯ ಮೆಣಸು ತುಪ್ಪದ ಘಮವೂ ಮೂಗಿಗೆ ಹತ್ತುತ್ತಿರಲಿಲ್ಲ. ಪ್ರತಿ ಸಂಜೆ ದೀಪ ಹಚ್ಚುವಾಗ ಆ ದಿನದ ಮೂರು ಒಳ್ಳೆಯದನ್ನು ಲೆಕ್ಕ ಹಾಕುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಗಳು ಫೋನು ಮಾಡಿದಳು, ನಲ್ಲಿ ನೀರು ಬಂತು, ಇಂಥದ್ದೇ. ಆ ದಿನಗಳಲ್ಲಿ ಎರಡಕ್ಕೇ ನಿಲ್ಲತೊಡಗಿತು.

ಯಾಕೆಂದರೆ ಮುಕುಂದ ಬೇಗ ಏಳತೊಡಗಿದ್ದ. ಮೊದಲ ದಿನ ನಾನು ಏಳುವ ಹೊತ್ತಿಗೇ ಅವನೂ ಎದ್ದಿದ್ದ. ಧನುರ್ಮಾಸ ಅಲ್ಲವೇ, ಒಳ್ಳೆಯದು ಅಂದುಕೊಂಡೆ. ಮಾರನೆಯ ದಿನ ನಾನು ಎದ್ದಾಗ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿಯನ್ನೂ ಬಿಟ್ಟಾಗಿತ್ತು. ಅದರ ಮಾರನೆಯ ದಿನ ರಂಗೋಲಿ ನಮ್ಮ ಬಾಗಿಲಿನಿಂದ ಬೀದಿಯ ತುದಿಯವರೆಗೆ ಹೋಗಿತ್ತು. ನೋಡಿದವರೆಲ್ಲ ಹೊಗಳಿದರು. ಸಮಿತಿಯವರಿಗೋಸ್ಕರ ಅಂತ ಅವರ ಎಣಿಕೆ. ನನಗೆ ಅವನು ಕಾಲೇಜಿನಲ್ಲಿದ್ದಾಗ ನಿದ್ದೆ ಬಿಟ್ಟ ಆ ದಿನಗಳು ನೆನಪಾದವು. ಅವನು ಮಾತಾಡುವ ವೇಗ ಹೆಚ್ಚಿತ್ತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ಅವನಿಗೆ ಗೊತ್ತಾಗದ ಹಾಗೆ ಅವನ ಕಣ್ಣು ನೋಡುವುದು, ಅವನ ತಟ್ಟೆ ನೋಡುವುದು, ಅವನು ಹೊಳೆಯ ಕಡೆ ಹೊರಟರೆ ಒಣಗದ ಬಟ್ಟೆ ತೆಗೆಯುವ ನೆಪದಲ್ಲಿ ಹಿಂದೆಯೇ ಹೋಗುವುದು, ಇದೇ ನನ್ನ ಕೆಲಸವಾಯಿತು. ಯಜಮಾನರಿಗೆ ಹೇಳಿದರೆ, ನೀನು ಸುಮ್ಮನೆ ಇಲ್ಲದ್ದು ಹಚ್ಚಿಕೊಳ್ಳುತ್ತೀಯ ಅಂದರು. ಹಾಗೆ ಅನ್ನುವಾಗ ಅವರ ದನಿಯೂ ಗಟ್ಟಿಯಾಗಿರಲಿಲ್ಲ.

ವೈಕುಂಠ ಏಕಾದಶಿಯ ಮಾರನೆಯ ದಿನ ದೇವರ ಮನೆ ಒರೆಸುತ್ತಿದ್ದೆ. ಗಂಧದ ಕೊರಡಿನ ಹಿಂದೆ ಸುತ್ತಿಟ್ಟ ಒಂದು ಬಾಳೆಲೆಯ ತುಂಡು. ಬಿಡಿಸಿದರೆ ಮಾತ್ರೆಗಳು, ಎಂಟು. ನಾನು ಕೈಗೆ ಕೊಟ್ಟು, ನೀರು ಕೊಟ್ಟು, ಗಂಟಲು ಅಲುಗುವುದನ್ನು ನೋಡಿಯೇ ಆಚೆ ಬರುತ್ತಿದ್ದೆ. ಅದು ಹೇಗೆ ಉಳಿಸಿಕೊಂಡನೋ. ಅವನು ಹಿತ್ತಿಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದ. ಎಲೆ ಹಿಡಿದುಕೊಂಡು ಹೋಗಿ ಅವನ ಮುಂದೆ ನಿಂತೆ. ಅವನೇ ಹೇಳಿದ, ಸಿಟ್ಟಿಲ್ಲ, ಬೇಸರವೂ ಇಲ್ಲ, ಲೆಕ್ಕ ಹೇಳಿಕೊಡುವ ಹಾಗೆ.

"ಇಲ್ಲ ಅಂತ ಬರೆದಿದ್ದೀವಲ್ಲ ಅತ್ತಿಗೆ. ಇಲ್ಲದ ಕಾಯಿಲೆಗೆ ಮಾತ್ರೆ ಯಾಕೆ?"

ಆ ಸಂಜೆ ದೀಪದ ಮುಂದೆ ಒಂದೂ ಲೆಕ್ಕ ಸಿಗಲಿಲ್ಲ. ಮತ್ತೆ ಮಾತ್ರೆ ತಗೋ ಅಂತ ಕೇಳಿಕೊಂಡೆ, ಬೇಡಿಕೊಂಡೆ. ಸಮಿತಿಯವರು ಬಂದು ಹೋಗಲಿ ಅತ್ತಿಗೆ, ಅಲ್ಲೀವರೆಗೆ ನಾನು ಚೆನ್ನಾಗಿರಬೇಕಲ್ಲ ಅಂದ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಇನ್ನು ನಾಲ್ಕೇ ದಿನ. ಬಂದವರ ಎದುರು ಇವನು ಹೀಗೆ ಮಾತಿಗೆ ನಿಂತರೆ ನಮ್ಮ ಮನೆಯೊಂದೇ ಅಲ್ಲ, ಪುಟ್ಟತಾಯಿ ಮೇಡಂ ಅವರ ಎರಡು ವರ್ಷದ ಶ್ರಮ, ಊರಿಗೆ ಬರುವ ಹೆಸರು, ಎಲ್ಲ ಹೋಯಿತು ಅಂದರು. ಆಮೇಲೆ ಗೋಡೆ ಕಡೆ ನೋಡುತ್ತ, "ನಾಗಮಂಗಲಕ್ಕೆ ಬಿಟ್ಟು ಬಾರೇ. ಅವರು ಬಂದು ಹೋಗೋವರೆಗೆ," ಅಂದರು. ನನಗೂ ಬೇರೆ ದಾರಿ ಹೊಳೆಯಲಿಲ್ಲ. ಹೊಳೆದಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನನ್ನು ಕರೆದುಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿಂದ ನಾಗಮಂಗಲಕ್ಕೆ ಬೇರೆ ಬಸ್ಸು. ಅಕ್ಕನಿಗೆ ಅವರೆಕಾಯಿ ಕೊಟ್ಟು ಬರೋಣ ಅಂತ ಹೇಳಿದ್ದೆ. ಐದು ಕೆಜಿ ಸೊಗಡವರೆ ಚೀಲದಲ್ಲಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅವನನ್ನು ಅಲ್ಲಿ ಕೂರಿಸಿದೆ. ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಇತ್ತು. ಇದ್ದಕ್ಕಿದ್ದಂತೆ ಅವನ ಮಾತು ನಿಂತುಹೋಗಿತ್ತು. ಅಷ್ಟು ದಿನ ಮಾತು ಹೆಚ್ಚಾಯಿತು ಅಂತ ಹೆದರಿದ್ದವಳಿಗೆ ಆ ಮೌನ ಇನ್ನೂ ಹೆದರಿಕೆ ಹುಟ್ಟಿಸಿತು. ಕುಂತಿ ಬೆಟ್ಟ ಕಾಣಿಸುವ ಹೊತ್ತಿಗೆ, ಹೊರಗೆ ನೋಡುತ್ತಲೇ ಕೇಳಿದ.

"ಹೋದ ಸಲ ಹನ್ನೊಂದು ದಿನ ಇಟ್ಟಿದ್ರಿ ಅತ್ತಿಗೆ. ಈ ಸಲ ಎಷ್ಟು?"

ಮಗಳನ್ನು ನೋಡಲು ಬಂದಾಗಿನ ಮಾತು. ಗಂಡಿನವರು ಒಂದೇ ದಿನ ಬಂದು ಹೋದದ್ದು. ಮಾತು ಪಕ್ಕಾ ಆಗಲಿ, ತಾಂಬೂಲ ಆಗಲಿ ಅಂತ ನಾವೇ ದಿನ ಮುಂದೆ ಹಾಕಿದ್ದೆವು. ಹನ್ನೊಂದು ದಿನ ಅಂತ ನನಗೆ ನೆನಪೂ ಇರಲಿಲ್ಲ. ಅವನು ಎಣಿಸಿದ್ದ. ಹೋಗುತ್ತಿರುವುದು ಯಾತಕ್ಕೆ ಅಂತ ಗೊತ್ತಿದ್ದೂ, ಅವರೆಕಾಯಿ ಚೀಲವನ್ನು ತಾನೇ ಹೊತ್ತುಕೊಂಡು ಬಂದಿದ್ದ.

ಪಾಂಡವಪುರದಲ್ಲಿ ಇಳಿದೆವು. ನಾಗಮಂಗಲದ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ನಾನು ಅವನ ಕೈ ಹಿಡಿದು ಆ ಬಸ್ಸನ್ನು ದಾಟಿ ಮೇಡಂ ಅವರ ಸಂಘದ ಕಡೆ ನಡೆದೆ. ಯೋಚನೆ ಮಾಡಿ ಹೋದದ್ದಲ್ಲ. ಫಾರಂ ವಾಪಸು ತಗೊಂಡು, ನಮ್ಮ ಮನೆ ಬೇಡ, ಹೆಸರು ಹೊಡೆದುಹಾಕಿ ಅಂತ ಹೇಳಿಬಿಟ್ಟರೆ ಇವನನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೇಡಂ ಮೇಜಿನ ಮುಂದೆ ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತಿದ್ದರು. ನಾನು ನಿಂತೇ ಹೇಳಿದೆ. ಇವನು ನನ್ನ ಮೈದುನ, ಇವನಿಗೆ ಮನಸ್ಸಿನ ಕಾಯಿಲೆ ಇದೆ, ಇಪ್ಪತ್ತು ವರ್ಷದ ಮೇಲಾಯಿತು, ಫಾರಂನಲ್ಲಿ ಸುಳ್ಳು ಬರೆಸಿದ್ದೇನೆ. ಬಾಯಿಬಿಟ್ಟು ಆ ಮಾತು ಆಡಿದ್ದು ಅದೇ ಮೊದಲು. ಮುಕುಂದ ಪಕ್ಕದಲ್ಲೇ ಇದ್ದ. ಮೇಡಂ ನನ್ನನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಅಯ್ಯೋ ನನ್ನವ್ವ, ಅಂಥೋರು ಇರೋ ಮನೇನೇ ಬೇಕು ಅಂತ ಕಣಮ್ಮ ಅವ್ರು ಉಡುಕ್ಕೊಂಡು ಬತ್ತಾವ್ರೆ. ಯಾವನ್ಗೆ ಬೇಕಾಗಿತ್ತು ನಿಮ್ಮ ಬಣ್ಣ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಬಿಡಿಸಿ ಹೇಳಿದರು. ಸಮ್ಮೇಳನಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ಜನ ಆ ಕಾಯಿಲೆ ಅನುಭವಿಸಿದವರೇ, ಇಲ್ಲವೆ ಅವರ ಮನೆಯವರು. ಅಂಥವರನ್ನು ನೋಡಿಕೊಂಡು ಗೊತ್ತಿರುವ ಮನೆಗಳೇ ಮೊದಲು ಬೇಕು. ಆ ಪ್ರಶ್ನೆ ಇದ್ದದ್ದು ಅದಕ್ಕೆ. ನಾಯಿ ಸಿಗರೇಟಿನ ಕೆಳಗೆ ಅದನ್ನು ಸೇರಿಸಿದ್ದು ತಮ್ಮದೇ ತಪ್ಪು, ಬಿಡಿಸಿ ಹೇಳಬೇಕು ಅಂತ ಹೊಳೆಯಲೇ ಇಲ್ಲ ಅಂದರು. ಹಿಂದಿನ ದಿನ ಬೆಂಗಳೂರಿನಿಂದ ಸಮಿತಿಯ ಡಾಕ್ಟರಮ್ಮ ಫಾರಂಗಳ ನಕಲು ನೋಡಿ ಫೋನು ಮಾಡಿದ್ದರಂತೆ: ಹನ್ನೆರಡು ಮನೆಯಲ್ಲಿ ಹನ್ನೊಂದು ಇಲ್ಲ ಅಂತಿವೆ. ಒಂದೋ ನಿಮ್ಮ ಊರು ವೈಕುಂಠವಿರಬೇಕು, ಇಲ್ಲ ಅಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ಎರಡರಲ್ಲಿ ಯಾವುದಾದರೂ ಸಮ್ಮೇಳನ ಅಲ್ಲಿ ಯಾತಕ್ಕೆ ಅಂತ.

"ನಸೀಮಾ ಒಬ್ಬಳು ನಮ್ಮ ಮಾನ ಉಳ್ಸವ್ಳೆ," ಅಂದರು ಮೇಡಂ.

ಮುಕುಂದ ಅಷ್ಟೂ ಹೊತ್ತು ಗೋಡೆಗೆ ಹಾಕಿದ್ದ ಹಳ್ಳಿಗಳ ಪಟ್ಟಿ ಓದುತ್ತಿದ್ದ. ತಿರುಗಿ, ನಮ್ಮ ಫಾರಂ ಕೊಡಿ ಮೇಡಂ ಅಂತ ಕೈ ಚಾಚಿದ. ಇಲ್ಲ ಎಂಬುದರ ಮೇಲೆ ಒಂದು ಗೆರೆ ಎಳೆದ. ಪಕ್ಕದಲ್ಲಿ, ಇದ್ದಾರೆ, ನಾನೇ, ಅಂತ ಬರೆದು ತನ್ನ ಹೆಸರು ಹಾಕಿದ. ಈ ಸಲ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ.

ಅಲ್ಲಿಂದ ನಾಗಮಂಗಲಕ್ಕೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ, ಸೀದಾ ಮೈಸೂರಿನ ಡಾಕ್ಟರ ಹತ್ತಿರ ಹೋದೆವು. ಅವರೆಕಾಯಿ ಮೇಡಂ ಮನೆಯಲ್ಲೇ ಉಳಿಯಿತು. ಡಾಕ್ಟರು ಅವನ ಹತ್ತಿರವೇ ಅರ್ಧ ಗಂಟೆ ಮಾತಾಡಿದರು. ಮಾತ್ರೆ ಇವತ್ತೇ ಶುರುವಾಗಲಿ, ಜೊತೆಗೆ ಕೆಲವು ದಿನಕ್ಕೆ ಇನ್ನೊಂದು, ಸಮಯಕ್ಕೆ ಬಂದಿದ್ದೀರಿ ಅಂದರು. ಹೊರಗೆ ಬಂದ ಮೇಲೆ ನನ್ನೊಬ್ಬಳನ್ನೇ ಕರೆದು ಹೇಳಿದ್ದು: ನಿದ್ದೆ ನೋಡ್ತಾ ಇರಿ ಅಮ್ಮ, ನಿದ್ದೆ ಮರಳಿ ಬಂದರೆ ಭಯ ಬೇಡ, ಬರದಿದ್ದರೆ ಸೋಮವಾರ ಸೇರಿಸಬೇಕಾಗುತ್ತೆ.

ಸಮಿತಿ ಬರುವುದು ಶನಿವಾರ.

ಯಜಮಾನರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ, ಅದೊಂದು ಪುಣ್ಯ. ಊಟಕ್ಕೆ ಕೂತವರು ಅನ್ನ ಕಲಸಿಕೊಂಡು ಹಾಗೇ ಕೂತರು. "ಆಸ್ಪತ್ರೇಲಿ ನೆಲದ ಮೇಲೆ ಮಲಗಿದ್ದೆನಲ್ಲೇ, ಆವಾಗ ನನಗೆ ನಾಚಿಕೆ ಇರಲಿಲ್ಲ," ಅಂದರು. "ಮನೆಗೆ ಬಂದ ಮೇಲೆ ಎಲ್ಲಿಂದ ಬಂತೋ." ಆಮೇಲೆ ಮುಕುಂದನಿಗೆ ತಾವೇ ಮಾತ್ರೆ ಕೊಟ್ಟರು. ಅವನು ನುಂಗಿ, ಬಾಯಿ ಅಗಲಿಸಿ ತೋರಿಸಿದ, ನೋಡ್ಕೋ ಅಣ್ಣ ಅಂತ. ಆದರೆ ನಿದ್ದೆ ಬರಲಿಲ್ಲ. ಗುರುವಾರ ನಾನು ಎದ್ದಾಗ ಎದ್ದಿದ್ದ. ಶುಕ್ರವಾರವೂ ಎದ್ದಿದ್ದ, ಕಣ್ಣು ಕೆಂಪಗಿತ್ತು, ಮಾತಿನ ವೇಗ ಮಾತ್ರ ಎಳೆಯಷ್ಟು ಇಳಿದಿತ್ತೋ, ಅದು ನನ್ನ ಆಸೆಯೋ. ಸೋಮವಾರ ಅನ್ನುವ ಪದ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸಮ್ಮೇಳನ ಬಂದರೂ ಸರಿ ಹೋದರೂ ಸರಿ, ಅವನು ಆ ಆಸ್ಪತ್ರೆಯ ಮೆಟ್ಟಿಲು ಇನ್ನೊಮ್ಮೆ ಹತ್ತದಿರಲಿ ರಂಗನಾಥ ಅಂತ ಹುಗ್ಗಿ ಕೆದಕುತ್ತ ಕೇಳಿಕೊಂಡೆ. ಎರಡು ದಿನವೂ ಹುಗ್ಗಿ ತಳ ಹಿಡಿಯಿತು.

ಶನಿವಾರ ಬಂದವರು ಇಬ್ಬರು. ಬೆಂಗಳೂರಿನ ಡಾಕ್ಟರಮ್ಮ ಸುಧಾ, ಮತ್ತೆ ಮಾರ್ಥಾ ಅನ್ನುವ ಪರದೇಶದ ಹೆಂಗಸು, ಅರವತ್ತರ ಮೇಲಿನವರು, ಕಾಲುಚೀಲ ಹಾಕಿಕೊಂಡೇ ತಣ್ಣನೆಯ ನೆಲದ ಮೇಲೆ ಓಡಾಡಿದರು. ಮೊದಲು ನಸೀಮಾ ಮನೆಗೆ ಹೋಗಿ ಒಂದು ಗಂಟೆ ಕೂತರು. ಅವಳು ಕೊಟ್ಟ ಶಾವಿಗೆ ಪಾಯಸ ತಿಂದರು. ಬೀದಿಯೆಲ್ಲ ಕಿಟಕಿಯಿಂದ ನೋಡುತ್ತಿತ್ತು. ಆಮೇಲೆ ನಮ್ಮ ಮನೆ. ಯಜಮಾನರು ಹೇಳಬೇಕೆಂದು ಬರೆದಿಟ್ಟುಕೊಂಡದ್ದನ್ನೆಲ್ಲ ಮರೆತು, ಬಣ್ಣ ಇನ್ನೂ ಹಸಿ ಇದೆ, ಒರಗಬೇಡಿ ಅಂದರು. ಮಾರ್ಥಾ ಕೋಣೆ ನೋಡಲಿಲ್ಲ, ಬಿಸಿನೀರು ಕೇಳಲಿಲ್ಲ. ಮುಕುಂದನ ಎದುರಿಗೆ ಕೂತರು. ಸುಧಾ ಕನ್ನಡ ಮಾಡಿ ಹೇಳಿದರು.

"ನಾವು ನಿಮ್ಮ ಮನೆಗೆ ಅತಿಥಿ ಕಳಿಸಿದರೆ, ಆ ದಿನಗಳಲ್ಲಿ ನಿಮಗೆ ಏನು ಬೇಕಾಗುತ್ತೆ ಅಂತ ಕೇಳ್ತಾ ಇದ್ದಾರೆ."

ಬಂದವರಿಗೆ ಏನು ಬೇಕು ಅಂತ ನಾವು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಇವನಿಗೆ ಏನು ಬೇಕು ಅಂತ ಇಪ್ಪತ್ತು ವರ್ಷದಲ್ಲಿ ನಾನು ಕೇಳಿದ್ದು ನೆನಪಿಲ್ಲ. ಮಾತ್ರೆ ಕೊಟ್ಟೆ, ಊಟ ಕೊಟ್ಟೆ, ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಕೇಳಲಿಲ್ಲ. ಅವನು ಬಾಯಿ ತೆರೆದ. ಈಗ ಮಾತು ಓಡತೊಡಗಿದರೆ ಅಂತ ಹೆದರಿದೆ. ಓಡಲಿಲ್ಲ.

"ಒಂಬತ್ತೂವರೆಗೆ ನಾನು ಮಲಗಬೇಕು," ಅಂದ. "ಮಾತಾಡೋದು ಅಷ್ಟರೊಳಗೆ ಮುಗೀಬೇಕು. ಮತ್ತೆ ನನ್ನ ಎದುರಿಗೆ ಉಷ್ಣ ಅನ್ನಬಾರದು."

ಸುಧಾ ಅದನ್ನು ಹೇಗೆ ಇಂಗ್ಲಿಷ್ ಮಾಡಿದರೋ, ಮಾರ್ಥಾ ನಕ್ಕರು, ತಮ್ಮ ಎದೆ ಮುಟ್ಟಿಕೊಂಡು ಏನೋ ಹೇಳಿದರು. ಅವರ ಮಗನಿಗೂ ಇದೇ ಕಾಯಿಲೆಯಂತೆ. ಅವರ ಊರಿನಲ್ಲಿ ಅವನಿಗೆ ನರದ ಸುಸ್ತು ಅಂತ ಹೇಳುತ್ತಿದ್ದರಂತೆ. ನಾನು ಒಳಗೆ ಹೋಗಿ ಕಾಫಿ ತಂದೆ. ಲೋಟ ಕೊಡುವಾಗ ಸ್ವಲ್ಪ ತಟ್ಟೆಗೆ ಚೆಲ್ಲಿತು. ಅವರು ತಟ್ಟೆಯಲ್ಲಿ ಚೆಲ್ಲಿದ್ದನ್ನೂ ಲೋಟಕ್ಕೆ ಸುರಿದುಕೊಂಡು ಕುಡಿದರು.

ಫಲಿತಾಂಶ ಫಾಲ್ಗುಣದಲ್ಲಿ ಬಂತು. ಸಮ್ಮೇಳನ ನಮ್ಮಲ್ಲಿಗೆ ಬರಲಿಲ್ಲ, ಬೇರೆ ದೇಶದ ಒಂದು ಊರಿಗೆ ಹೋಯಿತು. ವಿಮಾನದ ಅನುಕೂಲ, ಇನ್ನೂ ಏನೇನೋ ಕಾರಣ ಬರೆದಿದ್ದರು. ಪುಟ್ಟತಾಯಿ ಮೇಡಂ ಕಾಗದ ಹಿಡಿದು ನಮ್ಮ ಜಗಲಿಯಲ್ಲಿ ಕೂತು ಸ್ವಲ್ಪ ಅತ್ತರು, ಆಮೇಲೆ ಎದ್ದು ಬೂಕನಕೆರೆಯ ಸಭೆಗೆ ಹೊತ್ತಾಯಿತು ಅಂತ ಹೊರಟರು. ಅಷ್ಟರಲ್ಲಿ ಬೇರೊಂದು ನಡೆದಿತ್ತು. ಸಮಿತಿ ಬಂದು ಹೋದ ವಾರದಿಂದಲೇ ನಮ್ಮ ಬೀದಿಯವರು ಒಬ್ಬೊಬ್ಬರಾಗಿ ಮಧ್ಯಾಹ್ನದ ಹೊತ್ತು ಮುಕುಂದನ ಹತ್ತಿರ ಬರತೊಡಗಿದ್ದರು. ಕರಿಬೇವು ಕೇಳಲು ಬಂದವರು, ಪಂಚಾಂಗ ನೋಡಲು ಬಂದವರು. ನಾನು ಒಳಗೆ ಹೋದ ಮೇಲೆ ದನಿ ತಗ್ಗಿಸಿ, ಮೇಡಂ ಹತ್ತಿರ ಇರೋ ನಮ್ಮ ಫಾರಂ ಒಂಚೂರು ತಿದ್ದಿಕೊಡಪ್ಪ ಅನ್ನುವುದು. ಎಷ್ಟು ಮನೆ ಅಂತ ಒಂದು ದಿನ ತಡೆಯಲಾರದೆ ಕೇಳಿದೆ. ಅದು ಅವರವರ ಮನೆ ವಿಷಯ ಅತ್ತಿಗೆ ಅಂದ. ಇವತ್ತಿಗೂ ಹೇಳಿಲ್ಲ. ಬೀದಿಯಲ್ಲಿ ಹೋಗುವಾಗ ಒಂದೊಂದು ಬಾಗಿಲು ನೋಡಿ ಇದೋ, ಅದೋ ಅಂದುಕೊಳ್ಳುತ್ತೇನೆ. ಆಮೇಲೆ ನನ್ನ ಬುದ್ಧಿಗೆ ನಾನೇ ನಾಚಿ ತಲೆ ತಗ್ಗಿಸುತ್ತೇನೆ.

ಆದರೆ ನನಗೆ ಆ ವರ್ಷದ ಫಲಿತಾಂಶ ಅದಕ್ಕೂ ಮುಂಚೆಯೇ ಬಂದಿತ್ತು. ಸಮಿತಿ ಬಂದು ಹೋದ ಮಾರನೆಯ ದಿನ, ಭಾನುವಾರ. ಕತ್ತಲಿರುವಾಗಲೇ ಎದ್ದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ರಂಗೋಲಿ ಇರಲಿಲ್ಲ. ಹೊಳೆಯ ಕಡೆ ಎರಡು ಹೆಜ್ಜೆ ಇಟ್ಟವಳು, ತಿರುಗಿ ಬಂದು ಅವನ ಕೋಣೆಯ ಬಾಗಿಲು ಬೆರಳಿನಿಂದ ಸರಿಸಿದೆ. ಮುಕುಂದ ಗೋಡೆ ಕಡೆ ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದು, ಹತ್ತು ವರ್ಷದ ಹುಡುಗನ ಹಾಗೆ ಮಲಗಿದ್ದ. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಸ್ನಾನ ಮಾಡಿ ಹುಗ್ಗಿಗೆ ಇಟ್ಟೆ. ದೇವರ ಮನೆ ಅವನ ಕೋಣೆಗೆ ಅಂಟಿಕೊಂಡೇ ಇದೆ. ನೈವೇದ್ಯ ಇಟ್ಟೆ, ಕರ್ಪೂರ ಹಚ್ಚಿದೆ. ಎಡಗೈ ಅಭ್ಯಾಸಬಲದಿಂದ ಗಂಟೆಗೆ ಹೋಯಿತು. ಎತ್ತಿದವಳು ಅದರ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹಾಗೆಯೇ ಆರತಿ ಮಾಡಿದೆ. ಅತ್ತೆ ಹೇಳಿಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಧನುರ್ಮಾಸದ ಪೂಜೆ ಸದ್ದಿಲ್ಲದೆ ನಡೆದದ್ದು ಅದೊಂದು ದಿನ. ಯಜಮಾನರು ಎದ್ದು ಬಂದು, ಪೂಜೆ ಆಯಿತೇ ಅಂತ ಕಣ್ಣಲ್ಲೇ ಕೇಳಿದರು. ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋದರು. ಬಿಸಿಲು ನಡುಮನೆಗೆ ಬಂದು, ಹಳದಿ ಗೋಡೆ ಹತ್ತಿ, ಎಂಟು ಗಂಟೆಯಾದರೂ ಆ ಕೋಣೆಯಿಂದ ಸಣ್ಣ ಗೊರಕೆ ಕೇಳುತ್ತಲೇ ಇತ್ತು.